ಮಂಗಳವಾರ ಹೊರಡಬಾರದು

ಸೂಟ್‌ಕೇಸನ್ನು ನಾನು ಇನ್ನೂ ಅಟ್ಟಕ್ಕೆ ಹಾಕಿಲ್ಲ. ಮಂಚದ ಪಕ್ಕದಲ್ಲೇ ನಿಂತಿದೆ. ತಮ್ಮನ ಹೆಂಡತಿ ಕಸ ಗುಡಿಸುವಾಗ ಅದನ್ನು ಗೋಡೆಯ ಕಡೆಗೆ ತಳ್ಳುತ್ತಾಳೆ, ಅವಳು ಆಚೆ ಹೋದ ಮೇಲೆ ನಾನು ಮತ್ತೆ ಹತ್ತಿರಕ್ಕೆ ಎಳೆದುಕೊಳ್ಳುತ್ತೇನೆ. "ಅತ್ಗೆ, ಹಸ ಕಟ್ಕಂಡಂಗೆ ಕಟ್ಕಂಡಿದೀರಲ್ಲ ಇದ್ನ, ಒಂದು ಹಿಡಿ ಹುಲ್ಲಾದ್ರೂ ಹಾಕ್ಬುಡಿ" ಎಂದು ಅವಳ ತಮಾಷೆ. ಒಳಗಿರುವುದು ಎರಡು ಕಾಟನ್ ಸೀರೆ, ಒಂದು ಸ್ವೆಟರ್, ಮೊಣಕಾಲಿಗೆ ಹಚ್ಚುವ ಎಣ್ಣೆ. ಆಗಾಗ ಎಲ್ಲ ತೆಗೆದು, ಕೊಡವಿ, ಮಡಿಸಿ ಮತ್ತೆ ಇಡುತ್ತೇನೆ. ರೆಸ್ಟ್‌ಲೆಸ್ ಎಂದು ನಾನು ಮಕ್ಕಳಿಗೆ ಕಲಿಸುತ್ತಿದ್ದ ಪದಕ್ಕೆ ನಮ್ಮ ಕಡೆ "ಕಾಲು ನಿಲ್ತಾ ಇಲ್ಲ" ಅನ್ನುತ್ತಾರೆ. ನನಗೆ ಕಾಲು ನಿಲ್ಲುತ್ತಿಲ್ಲ.

ಎಪ್ಪತ್ತು ದಾಟಿದ, ಇಂಗ್ಲಿಷ್ ಟೀಚರ್ ಆಗಿ ರಿಟೈರ್ ಆದ, ತಲೆ ನೆಟ್ಟಗೆ ಬಾಚಿಕೊಳ್ಳದೆ ಗೇಟಿನಾಚೆ ಕಾಲಿಡದ ಹೆಂಗಸು ನಾನು. ಅಂಥವಳನ್ನು ಜರ್ಮನಿ ದೇಶ ಒಳಗೆ ಬಿಟ್ಟುಕೊಳ್ಳುವುದಿಲ್ಲ ಎಂದಿದೆ. ವೀಸಾ ಮುಗಿದ ಮೇಲೂ ಕೆಲವು ದಿನ ಅಲ್ಲೇ ಉಳಿದೆ, ಅದಕ್ಕೆ. ಯಾಕೆ ಉಳಿದಿರಿ ಎಂದು ಕೇಳಿದವರಿಗೆಲ್ಲ ನಾನು ಒಂದೇ ಉತ್ತರ ಕೊಟ್ಟಿದ್ದೇನೆ. ನಮ್ಮೂರಿನವರಿಗೆ ಅದು ತಕ್ಷಣ ಅರ್ಥವಾಗುತ್ತದೆ. ಅಲ್ಲಿನವರಿಗೆ ಆಗಲಿಲ್ಲ. ಹೊರಡಬೇಕಾಗಿದ್ದ ದಿನ ಮಂಗಳವಾರ.

ಅಲ್ಲಿರುವುದು ನನ್ನ ಅಕ್ಕ. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ತುರುವೇಕೆರೆಯಿಂದ ಸಂಪಿಗೆ ಕಡೆಗೆ ಹೋಗುವ ದಾರಿಯ ಈ ತೋಟದ ಮನೆಯಲ್ಲೇ ನಾವಿಬ್ಬರೂ ಹುಟ್ಟಿದ್ದು. ಅಪ್ಪನಿಗೆ ಅದೇನು ಹೊಳೆಯಿತೋ, ಇಬ್ಬರನ್ನೂ ಮೈಸೂರಿನ ಕಾನ್ವೆಂಟ್ ಬೋರ್ಡಿಂಗಿಗೆ ಸೇರಿಸಿದರು. ಅಲ್ಲಿ ಸಿಸ್ಟರ್‌ಗಳು ನಮ್ಮ "ಬತ್ತೀನಿ", "ಬುಡು"ಗಳನ್ನು ಒಂದೊಂದಾಗಿ ಹೆಕ್ಕಿ ತೆಗೆದರು, ತಲೆಯಿಂದ ಹೇನು ತೆಗೆದ ಹಾಗೆ. ಬೆಲ್ ಆದ ಮೇಲೆ ಬಂದ ಹುಡುಗಿ ಕಾರಿಡಾರಿನಲ್ಲಿ ಒಬ್ಬಳೇ ನಿಲ್ಲಬೇಕಿತ್ತು. ನಾನು ಒಂದು ಸಲವೂ ನಿಂತವಳಲ್ಲ. ಅಕ್ಕ ಎಷ್ಟು ಸಲ ನಿಂತಿದ್ದಳೋ ಅವಳಿಗೇ ಗೊತ್ತಿರಲಿಲ್ಲ.

ಓದು ಮುಗಿದ ಮೇಲೆ ಅದೇ ಸಿಸ್ಟರ್‌ಗಳು ಅವಳನ್ನು ನರ್ಸಿಂಗಿಗೆ ಹಾಕಿ, ಆಮೇಲೆ ಜರ್ಮನಿಗೆ ಕಳಿಸಿದರು. ಅಲ್ಲಿ ಅವಳು ಒಬ್ಬ ಮರಗೆಲಸದವನನ್ನು ಮದುವೆಯಾದಳು. ಸುದ್ದಿ ಕೇಳಿ ಅಪ್ಪ ಬಹಳ ಹೊತ್ತು ಜಗಲಿಯಲ್ಲಿ ಕುಳಿತಿದ್ದು, ಕೊನೆಗೆ "ಅನ್ನ ತಿಂತಾನಂತಾ?" ಎಂದು ಮಾತ್ರ ಕೇಳಿದರು. ಅವನು ಅನ್ನವನ್ನೂ ತಿನ್ನುತ್ತಿದ್ದ, ಅಕ್ಕನನ್ನೂ ಚೆನ್ನಾಗಿ ನೋಡಿಕೊಂಡ. ಅವನು ಹೋಗಿ ವರ್ಷಗಳಾದವು. ಅವರಿಗೆ ಒಬ್ಬಳೇ ಮಗಳು, ಅಲ್ಲಿನ ಸ್ಕೂಲಿನಲ್ಲಿ ಮ್ಯೂಸಿಕ್ ಟೀಚರ್. ಕನ್ನಡದಲ್ಲಿ ಅವಳಿಗೆ ಸರಿಯಾಗಿ ಬರುತ್ತಿದ್ದುದು ಒಂದೇ ಶಬ್ದ, "ಚಿಕ್ಕಮ್ಮ". ಅದು ನಾನು.

ಆ ಚಿಕ್ಕಮ್ಮನಿಗೆ ಒಂದು ಮಧ್ಯಾಹ್ನ ವಾಟ್ಸಾಪಿನಲ್ಲಿ ಒಂದು ರೆಕಾರ್ಡಿಂಗ್ ಬಂತು. "ಚಿಕ್ಕಮ್ಮ, ವಾಟ್ ಈಸ್ ಶೀ ಸೇಯಿಂಗ್?" ಎಂದು ಮಗಳು ಕೇಳಿದ್ದಳು. ಅದರಲ್ಲಿ ಅಕ್ಕನ ದನಿ. "ಬಾಗ್ಲು ಹಾಕ್ರೇ, ಕೋತಿ ಬತ್ತವೆ. ಕಾಯೆಲ್ಲ ಕೆಡವ್ತವೆ, ಬಾಗ್ಲು ಹಾಕ್ರೇ."

ನಾನು ತೋಟದ ಬಾವಿಕಟ್ಟೆಯ ಮೇಲೆ ಕುಳಿತು ಅದನ್ನು ಮತ್ತೆ ಮತ್ತೆ ಹಾಕಿಕೊಂಡು ಕೇಳಿದೆ. ಮರೆವಿನ ಕಾಯಿಲೆ ಶುರುವಾಗಿದೆ ಎಂದು ಮೊದಲೇ ತಿಳಿದಿತ್ತು. ಆದರೆ ಮರೆವಿಗೂ ಒಂದು ಸರದಿ ಇರುತ್ತದೆ ಎಂದು ಗೊತ್ತಿರಲಿಲ್ಲ. ಮೊದಲು ಜರ್ಮನ್ ಹೋಯಿತು. ಆಮೇಲೆ ಇಂಗ್ಲಿಷ್. ಸಿಸ್ಟರ್‌ಗಳು ತಿದ್ದಿದ ಕನ್ನಡವೂ ಹೋಗಿ, ಅವರ ಕೈಗೆ ಸಿಗುವ ಮೊದಲು ಆಡುತ್ತಿದ್ದ ಮಾತು ಮಾತ್ರ ಉಳಿದುಕೊಂಡಿತ್ತು. ಆ ಮನೆಯಲ್ಲಿ, ಆ ಬೀದಿಯಲ್ಲಿ, ಬಹುಶಃ ಆ ಇಡೀ ಊರಿನಲ್ಲಿ ಅದನ್ನು ತಿಳಿದವರು ಒಬ್ಬರೂ ಇರಲಿಲ್ಲ. ಮನೆಗೆ ಬರುತ್ತಿದ್ದ ಆಯಾ ಸೂಪ್ ಬಡಿಸುವಾಗ ಅಕ್ಕ "ಸಾಕು, ಸಾಕು" ಎಂದರೆ ಇನ್ನಷ್ಟು ಬಡಿಸುತ್ತಿದ್ದಳಂತೆ. ಕೆಟ್ಟವಳಲ್ಲ ಪಾಪ, ಅವಳಿಗೆ ಹೇಗೆ ಗೊತ್ತಾಗಬೇಕು?

ಹಾಗಾಗಿ ನಾನು ಹೊರಟೆ. ಮೂರು ತಿಂಗಳ ವೀಸಾ ಸಿಕ್ಕಿತು. ಅಕ್ಕನಿಗೆಂದು ಒಳ್ಳೆಯ ಕೊಬ್ಬರಿ ಗಿಟುಕುಗಳನ್ನು ಆರಿಸಿ ಕಟ್ಟಿಕೊಂಡಿದ್ದೆ. ಬೆಂಗಳೂರಿನ ಏರ್‌ಪೋರ್ಟಿನಲ್ಲಿ ಅವನ್ನು ತೆಗೆಸಿಬಿಟ್ಟರು. "ಮೇಡಂ, ಕೊಬ್ಬರಿ ಫ್ಲೈಟಲ್ಲಿ ಅಲೋ ಇಲ್ಲ, ಎಣ್ಣೆ ಅಂಶ, ಬೆಂಕಿ ಹತ್ಕೊಳುತ್ತೆ." ನಮ್ಮ ಅಟ್ಟದಲ್ಲಿ ವರ್ಷವಿಡೀ ಇರುವ ವಸ್ತು ಇಷ್ಟು ಅಪಾಯದ್ದೆಂದು ನನಗೆ ಅವತ್ತೇ ಗೊತ್ತಾದದ್ದು. ಅಲ್ಲಿದ್ದ ಬುಟ್ಟಿಯಲ್ಲಿ ಬೇರೆ ಯಾರದೋ ಕೊಬ್ಬರಿಯೂ ಬಿದ್ದಿತ್ತು. ನಮ್ಮ ಕಡೆಯವರೇ ಇರಬೇಕು ಎಂದುಕೊಂಡೆ.

ಕ್ಯಾಲೆಂಡರ್ ಮಾತ್ರ ಉಳಿಯಿತು. ದಿನಕ್ಕೊಂದು ಹಾಳೆ ಹರಿಯುವ, ತಿಥಿ ವಾರ ನಕ್ಷತ್ರ ಇರುವ ಕ್ಯಾಲೆಂಡರ್. ಅದನ್ನು ಅಕ್ಕನ ಅಡುಗೆಮನೆಯ ಬಾಗಿಲ ಪಕ್ಕ ತೂಗುಹಾಕಿದೆ.

ಬಾಗಿಲು ತೆಗೆದಾಗ ಅಕ್ಕ ಮೊದಲು ನನ್ನ ಮುಖ ನೋಡಲಿಲ್ಲ, ಸೀರೆಯ ಅಂಚು ನೋಡಿದಳು. ಅದನ್ನು ಬೆರಳಲ್ಲಿ ಹಿಡಿದು ಉಜ್ಜಿದಳು. ಆಮೇಲೆ, ನಿನ್ನೆ ತಾನೇ ಜಗಳವಾಡಿ ಹೋದವಳನ್ನು ಕೇಳುವಂತೆ, "ಈಗ ಬಂದ್ಯಾ? ಅಪ್ಪ ಎಲ್ಲಿ?" ಎಂದಳು.

"ತೋಟದಲ್ಲವ್ರೆ" ಎಂದೆ. ನನ್ನ ಬಾಯಲ್ಲೂ ಆ ಮಾತು ಎಷ್ಟೋ ವರ್ಷದ ಮೇಲೆ ಬಂತು.

"ಇಷ್ಟೊತ್ತಾದ್ರೂ?" ಎಂದು ಕಿಟಕಿಯ ಕಡೆ ನೋಡಿದಳು.

ಅಪ್ಪ ಎಲ್ಲಿ ಎನ್ನುವುದು ದಿನದ ಪ್ರಶ್ನೆಯಾಯಿತು. ನಾನು ಹೇಳುವ ಯಾವ ಉತ್ತರವೂ ಅವಳಿಗೆ ಸಮಾಧಾನ ಕೊಡುತ್ತಿರಲಿಲ್ಲ. ತೋಟದಲ್ಲಿ ಎಂದರೆ ಕಿಟಕಿಗೆ ಹೋಗುವಳು. ಸಂಪಿಗೆ ದೇವಸ್ಥಾನಕ್ಕೆ ಹೋಗಿದ್ದಾರೆ ಎಂದರೆ ನನ್ನನ್ನೂ ಯಾಕೆ ಕರೆದುಕೊಂಡು ಹೋಗಲಿಲ್ಲ ಎಂದು ಮುಖ ಊದಿಸುವಳು. ಬುಧವಾರ ಒಂದು ದಿನ ಮಾತ್ರ ಕೇಳುತ್ತಿರಲಿಲ್ಲ. ನಾವು ಚಿಕ್ಕವರಾಗಿದ್ದಾಗ ಅಪ್ಪ ಬುಧವಾರ ಕೊಬ್ಬರಿ ಚೀಲ ಹೇರಿಕೊಂಡು ತಿಪಟೂರಿನ ಮಾರ್ಕೆಟ್ಟಿಗೆ ಹೋಗುತ್ತಿದ್ದರು. ಆ ದಿನ ಮನೆಯಲ್ಲಿ ನಮ್ಮದೇ ದರ್ಬಾರು. ಈಗಲೂ ಬೆಳಿಗ್ಗೆ ಎದ್ದು ಹಳೆಯ ಹಾಳೆ ಹರಿದು, ಹೊಸದನ್ನು ಬೆರಳಿಟ್ಟು ಓದಿ, ಬುಧವಾರ ಎಂದು ಕಂಡರೆ "ಅಪ್ಪ ತಿಪಟೂರಿಗೆ ಹೋಗೈತೆ" ಎಂದು ತಾನೇ ಹೇಳಿ ದಿನವಿಡೀ ನೆಮ್ಮದಿಯಾಗಿ ಇರುತ್ತಿದ್ದಳು. ಹಾಳೆ ಹರಿಯುವ ಕೆಲಸ ಅವಳದೇ. ನಿನ್ನೆ ಏನು ತಿಂದೆ ಎಂಬುದು ನೆನಪಿರುತ್ತಿರಲಿಲ್ಲ, ಕ್ಯಾಲೆಂಡರಿನ ಮುಂದೆ ಹೋಗಿ ನಿಲ್ಲುವುದು ಒಂದು ದಿನವೂ ತಪ್ಪಲಿಲ್ಲ.

ಅವಳಿಗೆ ನಾನು ಮುದ್ದೆ ಕಟ್ಟಿಕೊಟ್ಟೆ. ಬೆನ್ನು ನೀವಿದೆ. ಮಗಳಿಗೆ ಸಾಕು, ನೀರು, ನೋವಾ, ಬಾ, ಮಲಗು ಎಂಬ ಮಾತುಗಳನ್ನು ಕಲಿಸಿದೆ. ಅಮ್ಮ ಬೆಂಡೆಕಾಯಿಯಂತೆ ಮುದುಡಿದ್ದವಳು ಮತ್ತೆ ನೇರವಾಗಿ ಕೂರುತ್ತಿದ್ದಾಳೆ ಎಂದು ಅವಳು ಆಯಾಗೆ ಹೇಳಿದಳಂತೆ. ಬೆಂಡೆಕಾಯಿ ಎಂದಿರಲಾರಳು, ಅದು ನನ್ನ ಸೇರ್ಪಡೆ. ಅವಳು ಅದನ್ನು ಇಂಗ್ಲಿಷಿನಲ್ಲಿ ನನಗೆ ತಿಳಿಸುವಾಗ ಅಳುತ್ತಿದ್ದಳು.

ಹೊರಡುವ ದಿನ ಬಂತು. ಸೂಟ್‌ಕೇಸನ್ನು ಬಾಗಿಲ ಬಳಿ ಇಟ್ಟು, ಚಪ್ಪಲಿ ಸ್ಟ್ಯಾಂಡಿನ ಪಕ್ಕ ಕುಳಿತು ಶೂ ಲೇಸ್ ಕಟ್ಟುತ್ತಿದ್ದೆ. ಅಕ್ಕ ಅಡುಗೆಮನೆಯಿಂದ ಆ ದಿನದ ಹಾಳೆ ನೋಡಿಕೊಂಡು ಬಂದಳು.

"ಎಲ್ಲಿಗೆ ಹೊಂಟೆ?"

"ಊರಿಗೆ ಕಣಕ್ಕ."

"ಇವತ್ತು ಯಾವ ವಾರ?"

ನಾನು ಇನ್ನೊಂದು ಶೂ ಎಳೆದುಕೊಂಡೆ.

"ಮಂಗಳವಾರ ಕಣೇ! ಮಂಗಳವಾರ ಮನೆ ಹೆಣ್ಮಗಳು ಹೊಸ್ಲು ದಾಟ್ತಾಳಾ? ಇಂಗ್ಲೀಸು ಓದಿ ಬುದ್ಧಿ ಎಲ್ಲಿಟ್ಟೆ? ಅಮ್ಮ ಇದ್ದಿದ್ರೆ ನಿನ್ ಕಾಲು ಮುರೀತಿದ್ಲು." ಸೂಟ್‌ಕೇಸಿನ ಮೇಲೆಯೇ ಕುಳಿತಳು. ನನ್ನ ಸೆರಗು ಹಿಡಿದಳು. ಬೈಯುತ್ತಿದ್ದವಳು ಇದ್ದಕ್ಕಿದ್ದಂತೆ ಅಳುವುದಕ್ಕೆ ಶುರುಮಾಡಿದಳು. "ಅಪ್ಪ ಬರ್ಲಿ. ಅಪ್ಪ ಬಂದು ಕಳಿಸ್ಲಿ. ಬರೀ ಮಡ್ಲಲ್ಲಿ ಹೋಗ್ತೀಯೇನೆ?"

ತವರಿನಿಂದ ಹೆಣ್ಣುಮಗಳನ್ನು ಮಂಗಳವಾರ, ಶುಕ್ರವಾರ ಕಳಿಸುವುದಿಲ್ಲ. ಕಳಿಸುವಾಗ ಮಡಿಲಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ಹಾಕದೆ ಬಿಡುವುದಿಲ್ಲ. ಇದನ್ನೆಲ್ಲ ನಂಬುತ್ತೀಯಾ ಎಂದು ಯಾರಾದರೂ ಕೇಳಿದ್ದರೆ ನೋ ಎನ್ನುತ್ತಿದ್ದೆ. ಆದರೆ ಅಮ್ಮ ಹೋದ ಮೇಲೆ ಅಕ್ಕ ಇರುವ ಕಡೆಯೇ ನನಗೆ ತವರು. ತವರು ನನ್ನ ಸೆರಗು ಹಿಡಿದು ಕುಳಿತಿತ್ತು. ಬಿಡಿಸಿಕೊಳ್ಳುವ ಶಕ್ತಿ ನನ್ನ ಕೈಗಿತ್ತು, ಅದನ್ನು ಬಳಸಲು ಆಗಲಿಲ್ಲ.

ಮಗಳು ಫೋನಿನಲ್ಲಿ ಟಿಕೆಟ್ ಬದಲಾಯಿಸಲು ನೋಡಿದಳು. ಮರುದಿನ ಸೀಟು ಇತ್ತು. ಮರುದಿನ ಅಮಾವಾಸ್ಯೆ, ಅಕ್ಕ ಹಾಳೆ ಎತ್ತಿ ಅದನ್ನೂ ಓದಿದಳು. ಗುರುವಾರ ಸೀಟಿಲ್ಲ. ಶುಕ್ರವಾರ ಇತ್ತು. ಅದನ್ನು ಹೇಳುವ ಧೈರ್ಯ ನಾವಿಬ್ಬರೂ ಮಾಡಲಿಲ್ಲ. "ಸ್ಯಾಟರ್ಡೇ" ಎಂದಳು ಮಗಳು. "ಇಟ್ಸ್ ಓನ್ಲಿ ಎ ಫ್ಯೂ ಡೇಸ್, ಚಿಕ್ಕಮ್ಮ. ದೇ ವಿಲ್ ಅಂಡರ್‌ಸ್ಟ್ಯಾಂಡ್." ನನಗೂ ಹಾಗೇ ಅನ್ನಿಸಿತು.

ಶನಿವಾರ ಅಕ್ಕ ನನ್ನನ್ನು ನಗುತ್ತಲೇ ಕಳಿಸಿಕೊಟ್ಟಳು. ಕೊಬ್ಬರಿ ಇರಲಿಲ್ಲ, ಒಂದು ಹಿಡಿ ಅಕ್ಕಿ, ಎರಡು ಸೇಬು ನನ್ನ ಸೆರಗಿಗೆ ಹಾಕಿದಳು.

ಏರ್‌ಪೋರ್ಟಿನ ಗಾಜಿನ ಹಿಂದೆ ಕುಳಿತಿದ್ದ ಹುಡುಗ ಪಾಸ್‌ಪೋರ್ಟನ್ನು ತಿರುಗಿಸಿ ನೋಡಿದ, ಇನ್ನೊಮ್ಮೆ ನೋಡಿದ, ಆಮೇಲೆ ಎದ್ದು ನಿಂತ. ನನ್ನನ್ನು ಒಂದು ಕೋಣೆಗೆ ಕರೆದೊಯ್ದರು. ಒಬ್ಬ ಹೆಣ್ಣು ಆಫೀಸರ್ ಬಂದು ಕುಳಿತಳು. ವೀಸಾ ಮುಗಿದ ಮೇಲೆ ಯಾಕೆ ಇದ್ದಿರಿ ಎಂದಳು. "ಬಿಕಾಸ್ ಇಟ್ ವಾಸ್ ಎ ಟ್ಯೂಸ್‌ಡೇ" ಎಂದೆ. "ಬಟ್ ಟುಡೇ ಈಸ್ ಸ್ಯಾಟರ್ಡೇ, ಮ್ಯಾಡಮ್" ಎಂದಳು. ಮಧ್ಯದಲ್ಲಿ ಒಂದು ಅಮಾವಾಸ್ಯೆ, ಒಂದು ಶುಕ್ರವಾರ ಇದ್ದವು ಎಂದು ವಿವರಿಸಿದೆ. ನನ್ನ ಗ್ರಾಮರ್‌ನಲ್ಲಿ ಒಂದು ತಪ್ಪೂ ಇರಲಿಲ್ಲ. ಕಾಯಿಲೆಯ ಅಕ್ಕನ ವಿಷಯವನ್ನೂ ಹೇಳಿದೆ. ಆಸ್ಪತ್ರೆಯ ಕಾಗದ ಇದೆಯೇ ಎಂದಳು. ಸೆರಗು ಹಿಡಿದುಕೊಂಡದ್ದಕ್ಕೆ ಯಾವ ಆಸ್ಪತ್ರೆ ಕಾಗದ ಕೊಡುತ್ತದೆ? ಅವಳು ಕೊನೆಯವರೆಗೂ ಮರ್ಯಾದೆಯಿಂದಲೇ ಮಾತಾಡಿದಳು, ಕುಡಿಯಲು ನೀರು ಕೊಟ್ಟಳು. ಸಹಿ ಹಾಕಿಸಿಕೊಂಡಳು. ನಾನು ಗೋಡೆಯ ಪಕ್ಕ ನಿಂತೇ ಇದ್ದೆ. ಬೆಲ್ ಆದ ಮೇಲೆ ಬಂದ ಹುಡುಗಿ.

ಊರಿಗೆ ಬಂದು ಅದನ್ನು ಮರೆತೆ ಎಂದೇ ಹೇಳಬೇಕು. ಮತ್ತೆ ಹೋಗಲು ಅರ್ಜಿ ಹಾಕಿದಾಗ ಅದು ಎದ್ದು ಬಂತು. ವೀಸಾ ಇಲ್ಲ. ಸದ್ಯಕ್ಕೆ ಜರ್ಮನಿಗೂ ಬರುವಂತಿಲ್ಲ, ಅದರ ಅಕ್ಕಪಕ್ಕದ ದೇಶಗಳಿಗೂ ಕಾಲಿಡುವಂತಿಲ್ಲ. ಎಲ್ಲಿಯವರೆಗೆ ಎಂದು ತಮ್ಮನ ಹೆಂಡತಿ ಕೇಳಿದಳು.

"ಈಗ ಅಟ್ಟಕ್ಕೆ ಹಾಕಿರೋ ಕಾಯಿ ಕೊಬ್ಬರಿ ಆಗ್ಬೇಕು. ಅದನ್ನ ಇಳಿಸಿ ಹೊಸದಾಗಿ ಹಾಕಿದ್ದೂ ಕೊಬ್ಬರಿ ಆಗ್ಬೇಕು. ಅಲ್ಲೀತನಕ."

"ಅಯ್ಯೋ ಶಿವನೇ" ಎಂದಳು. ಕಾಯಿ ಅಟ್ಟದಲ್ಲಿ ಹೆಚ್ಚು ಕಡಿಮೆ ಒಂದು ವರ್ಷ ಕೂರುತ್ತದೆ, ಒಳಗಿನ ನೀರು ತಾನಾಗಿ ಇಂಗಿ ಗಿಟುಕು ಚಿಪ್ಪು ಬಿಡಬೇಕು. ಅವಸರ ಮಾಡಿ ಒಡೆದರೆ ಕೊಬ್ಬರಿಯೂ ಅಲ್ಲ, ಕಾಯಿಯೂ ಅಲ್ಲ. ಅದೆಲ್ಲ ಅವಳಿಗೆ ನಾನು ಹೇಳಬೇಕಾಗಿರಲಿಲ್ಲ. "ಅಲ್ಲೀಗಂಟ ದೊಡ್ಡತ್ಗೆ ತಾಳ್ತಾರಾ?" ಎಂದಳು. ತಕ್ಷಣ ನಾಲಿಗೆ ಕಚ್ಚಿಕೊಂಡು, "ನೀವು ಫಾರಿನ್ನಲ್ಲಿ ಕೇಡಿ ಲಿಸ್ಟು ಸೇರೀರಿ ಅಂತ ಊರಲ್ಲಿ ಹೇಳ್ಲಾ? ನಮ್ಗೂ ಒಂದು ಮರ್ಯಾದೆ" ಎಂದು ನಗಿಸಲು ನೋಡಿದಳು.

ನಾನು ನಕ್ಕೆ. ಆದರೆ ಅವಳು ಹೇಳುವ ಮೊದಲೇ ಊರಿಗೆ ಗೊತ್ತಾಗಿತ್ತು. ಚಿಕ್ಕನಾಯಕನಹಳ್ಳಿಯಲ್ಲಿರುವ ನಮ್ಮ ಹತ್ತಿರದ ನೆಂಟರ ಮಗಳು ಹೊರದೇಶಕ್ಕೆ ಓದಲು ಹೋಗುವವಳಿದ್ದಳು. ಅವಳ ತಾಯಿ ಹಣ್ಣು ತೆಗೆದುಕೊಂಡು ಬಂದು, ಬಹಳ ಹೊತ್ತು ಮಳೆ ಬೆಳೆ ಮಾತಾಡಿ, ಎದ್ದು ನಿಂತ ಮೇಲೆ ಹೇಳಿದಳು: "ಬೇಜಾರು ಮಾಡ್ಕಬ್ಯಾಡ್ರಿ, ಸಂಬಂಧಿಕರು ಯಾರಾದ್ರೂ ಹೊರಗೆ ಹೋಗಿದ್ರಾ ಅಂತ ವೀಸಾದೋರು ಕೇಳುದ್ರೆ ನಿಮ್ ಹೆಸರು ಹೇಳಲ್ಲ ಅಂತ ಹುಡುಗಿ ಅಂತಾಳೆ." ಆ ಹುಡುಗಿಗೆ ಇಂಟರ್‌ವ್ಯೂಗೆ ಇಂಗ್ಲಿಷ್ ಅಭ್ಯಾಸ ಮಾಡಿಸಿದವಳು ನಾನೇ. "ಹೇಳೋದು ಬೇಡ ಬಿಡಿ" ಎಂದೆ. ಹಣ್ಣನ್ನು ಎರಡು ದಿನ ಯಾರೂ ಮುಟ್ಟಲಿಲ್ಲ. ಆಮೇಲೆ ತಮ್ಮನ ಹೆಂಡತಿ, ಹಣ್ಣೇನು ತಪ್ಪು ಮಾಡೈತೆ ಎಂದು ಕೊಯ್ದಳು.

ಇದೆಲ್ಲ ದೊಡ್ಡದಲ್ಲ. ನನಗಿದ್ದ ಚಿಂತೆ ಒಂದೇ, ಅಕ್ಕನ ಮಾತು. ಅದೂ ಕಡಿಮೆಯಾಗುತ್ತಿತ್ತು. ಆಡುವವರಿಲ್ಲದೆ ಹೋದರೆ ಆ ಕೊನೆಯ ಪದರವೂ ಉದುರಿಬಿಡುತ್ತದೆ ಎಂದು ಮಗಳೇ ಹೇಳಿದಳು. ಫೋನಿನಲ್ಲಿ ಮಾತಾಡಿಸಿದೆ. ಮನೆಯೊಳಗೆ ನೆಟ್‌ವರ್ಕ್ ಸಿಗದೆ ಬಾವಿಕಟ್ಟೆ, ಪಂಪ್‌ಹೌಸ್, ಕಲ್ಲುಬೇಲಿ ಎಂದು ಫೋನು ಹಿಡಿದು ತೋಟವೆಲ್ಲ ಸುತ್ತುತ್ತಿದ್ದೆ. "ಅಕ್ಕಾ, ನಾನು ಕಣೇ" ಎಂದರೆ ಅವಳು ಸ್ಕ್ರೀನ್ ನೋಡುತ್ತಿರಲಿಲ್ಲ. ಬಗ್ಗಿ ಮೇಜಿನ ಕೆಳಗೆ ನೋಡುತ್ತಿದ್ದಳು. ಪರದೆ ಸರಿಸಿ ನೋಡುತ್ತಿದ್ದಳು. ದನಿ ಇದೆ, ತಂಗಿ ಎಲ್ಲೂ ಇಲ್ಲ. ಒಂದು ದಿನ ಹಾಗೇ ಹುಡುಕುತ್ತಾ ಅತ್ತಳು. ಆಮೇಲೆ ಫೋನ್ ಮಾಡುವುದನ್ನೂ ನಿಲ್ಲಿಸಬೇಕಾಯಿತು.

ಆ ತಿಂಗಳುಗಳಲ್ಲಿ ನಾನು ಕೂತಲ್ಲಿ ಕೂರಲಿಲ್ಲ. ಅನ್ನಕ್ಕಿಟ್ಟು ಗೇಟಿನ ತನಕ ಹೋಗುವುದು, ಗೇಟಿನಿಂದ ಬಂದು ಅನ್ನ ಆಗಿದೆಯಾ ನೋಡುವುದು, ಮತ್ತೆ ಗೇಟು. ಯಾರು ಬರುತ್ತಾರೆ ಎಂದು? ಅಟ್ಟ ಹತ್ತಬೇಡಿ ಎಂದು ಡಾಕ್ಟರು ಹೇಳಿದ್ದರೂ ಹತ್ತಿ, ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುವುದು. ನೀರಿನ ಸದ್ದು. ಇನ್ನೂ ನೀರಿನ ಸದ್ದೇ.

ಕೊನೆಗೆ ಮಗಳು ಒಂದು ದಿನ ಬರೆದಳು: ನೀವು ಬರುವಂತಿಲ್ಲ, ಅಮ್ಮ ಅಲ್ಲಿಗೆ ಬರಬಹುದಲ್ಲ? ಎಂಥ ಸರಳ ಮಾತು! ನಮ್ಮ ತಲೆಗೆ ಹೊಳೆದಿರಲಿಲ್ಲ. ಆದರೆ ಅಕ್ಕನ ಪಾಸ್‌ಪೋರ್ಟ್ ಈಗ ಆ ದೇಶದ್ದು. ತುರುವೇಕೆರೆಯಲ್ಲಿ ಹುಟ್ಟಿದವಳು ತುರುವೇಕೆರೆಗೆ ಬರಲು ವೀಸಾ ತೆಗೆದುಕೊಂಡಳು. ಒಂದು ತಿಂಗಳದ್ದು, ಟೂರಿಸ್ಟ್ ಎಂದು.

ಅಕ್ಕ ಕಾರಿನಿಂದ ಇಳಿದು ನೇರವಾಗಿ ಒಳಗೆ ನಡೆದಳು, ದಾರಿ ಕೇಳಲಿಲ್ಲ. ಅಟ್ಟದ ಏಣಿಯ ಕೆಳಗೆ ನಿಂತು ತಲೆ ಎತ್ತಿದಳು. ತಮ್ಮನ ಹೆಂಡತಿ ಒಂದು ಕಾಯಿ ತಂದುಕೊಟ್ಟಳು. ಅಕ್ಕ ಅದನ್ನು ಕಿವಿಗೆ ಹಿಡಿದು ಅಲ್ಲಾಡಿಸಿ, "ಇನ್ನೂ ಆಗಿಲ್ಲ, ಇಡು" ಎಂದಳು. ಆಮೇಲೆ ಅವಳನ್ನು ಮೇಲಿಂದ ಕೆಳಗೆ ನೋಡಿ, "ನೀನ್ಯಾರ ಮನೆ ಹೆಣ್ಣೇ?"

"ನಾನು ನಿಮ್ಮನೆ ಸೊಸೆ ಕಣ್ರೀ, ಹಂದನಕೆರೆಯೋಳು."

"ಹಂದನಕೆರೆಯೋರು ಹಿಟ್ಟಿಗೆ ಉಪ್ಪು ಜಾಸ್ತಿ ಹಾಕ್ತಾರೆ."

"ಅಬ್ಬಬ್ಬಾ! ಬಂದು ಕಾಲು ತೊಳ್ದಿಲ್ಲ, ಆಗ್ಲೇ ಶುರು ಹಚ್ಕಂಡ್ರು!"

ಅದು ದಿನವೂ ನಡೆಯಿತು. ಅಕ್ಕ ದಿನವೂ ಯಾರ ಮನೆ ಹೆಣ್ಣೆಂದು ಕೇಳುವಳು. ಇವಳು ಒಂದು ದಿನ ತಿಪಟೂರು ಅನ್ನುವಳು, ಒಂದು ದಿನ ಹುಳಿಯಾರು, ಒಂದು ದಿನ ನಾನೂ ಜರ್ಮನಿಯೋಳೇ ಕಣ್ರೀ ಅನ್ನುವಳು. ಅಕ್ಕನಿಗೆ ಎಲ್ಲ ಊರಿನ ಮೇಲೂ ಒಂದೊಂದು ದೂರು ಇತ್ತು. ಮಾತು ಮರಳಿ ಬಂತು, ಬತ್ತಿದ ಬಾವಿಗೆ ಒರತೆ ಬಂದಂತೆ. ಬೆಳಿಗ್ಗೆ ಎದ್ದು ಪಡಸಾಲೆಯಲ್ಲಿದ್ದ ಅಂಥದೇ ಕ್ಯಾಲೆಂಡರಿನ ಹಾಳೆ ಹರಿಯುವಳು. ಅಪ್ಪ ಎಲ್ಲಿ ಎಂದು ಕೇಳುವಳು. ಬುಧವಾರ ಕೇಳುತ್ತಿರಲಿಲ್ಲ. ಅವಳ ಮಗಳು ಜಗಲಿಯಲ್ಲಿ ಕುಳಿತು ಇದನ್ನೆಲ್ಲ ನೋಡುತ್ತಾ, "ಐ ನೆವರ್ ನ್ಯೂ ಶೀ ವಾಸ್ ಫನ್ನಿ" ಎಂದಳು.

ತಿಂಗಳು ಮುಗಿಯುತ್ತಾ ಬಂದಂತೆ ಎಲ್ಲರೂ ಒಂದೇ ಮಾತು ಶುರುಮಾಡಿದರು. ತಮ್ಮ ಹೇಳಿದ, "ಇಲ್ಲೇ ಇರ್ಲಿ ಬುಡಕ್ಕ. ಇಲ್ಲಿ ಹುಟ್ಟಿದೋಳ್ನ ಯಾರು ಬಂದು ಕೇಳ್ತಾರೆ? ಪೊಲೀಸ್ನೋರು ತೋಟಕ್ಕೆ ಬಂದು ವೀಸಾ ತೋರ್ಸಿ ಅಂತಾರಾ?"

"ಬರಲ್ಲ. ಹೋಗುವಾಗ ಕೇಳ್ತಾರೆ" ಎಂದೆ.

"ಹೋಗೋದ್ಯಾಕೆ?"

ಅದಕ್ಕೆ ಮಗಳ ಕಡೆ ನೋಡಿದೆ. ಅವಳಿಗೆ ಕನ್ನಡ ಪೂರ್ತಿ ತಿಳಿಯದಿದ್ದರೂ ಏನು ನಡೆಯುತ್ತಿದೆ ಎಂದು ತಿಳಿದಿತ್ತು. ಅಕ್ಕನಿಗೆ ಅವಳೊಬ್ಬಳೇ, ಅವಳಿಗೆ ಅಕ್ಕ ಒಬ್ಬಳೇ. ಔಷಧಿ, ಡಾಕ್ಟರು ಎಲ್ಲ ಅಲ್ಲಿ. ಒಂದು ದಿನ ಹೆಚ್ಚಾದರೆ ಅಕ್ಕನ ಹೆಸರಿನ ಮೇಲೂ ಒಂದು ಗೀಟು ಬೀಳುತ್ತದೆ. ಆಮೇಲೆ ನಾನು ಅಲ್ಲಿಗೆ ಹೋಗುವಂತಿಲ್ಲ, ಅವಳು ಇಲ್ಲಿಗೆ ಬರುವಂತಿಲ್ಲ. ತೆರೆದಿದ್ದ ಒಂದೇ ಒಂದು ಬಾಗಿಲು ಅದು. ಅದನ್ನು ಕಾಯುವ ಕೆಲಸ, ನೋಡಿ, ಎಲ್ಲರಲ್ಲಿ ನನ್ನ ಪಾಲಿಗೇ ಬಂತು.

ಟಿಕೆಟ್ ಭಾನುವಾರಕ್ಕೆ ಇತ್ತು. ಮಗಳು ಪಾಪ, ಮಂಗಳವಾರ ಶುಕ್ರವಾರ ಬಿಟ್ಟು, ನನ್ನನ್ನು ಕೇಳಿಯೇ ತೆಗೆಸಿದ್ದಳು. ಶನಿವಾರ ಸಂಜೆ ಫೋನಿಗೆ ಮೆಸೇಜ್ ಬಂತು. ಆ ಫ್ಲೈಟ್ ಕ್ಯಾನ್ಸಲ್, ಮಂಗಳವಾರ ರಾತ್ರಿಯದರಲ್ಲಿ ಸೀಟು ಕೊಟ್ಟಿದ್ದೇವೆ. ವೀಸಾ ಬುಧವಾರಕ್ಕೆ ಮುಗಿಯುತ್ತಿತ್ತು. ಮಗಳು ಫೋನನ್ನು ನನ್ನ ಮುಂದೆ ಹಿಡಿದಳು. ಏರ್‌ಪೋರ್ಟಿನ ಕೋಣೆಯಲ್ಲಿ ನನ್ನ ಪಕ್ಕದಲ್ಲಿ ಅಕ್ಕ ನಿಂತಿರುವಂತೆ ಕಂಡಿತು. ಅವಳಿಗೆ ಯಾರು ಏನು ಕೇಳಿದರೂ ತಿಳಿಯುವುದಿಲ್ಲ.

ಸೋಮವಾರ ಪೂರ್ತಿ ನಾನು ಕೊಟ್ಟಿಗೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಕೊಟ್ಟಿಗೆಗೆ ತಿರುಗಿದೆ. "ನಿಂತ್ಕಳಿ ಅತ್ಗೆ, ನೋಡಿ ನೋಡಿ ನಂಗೆ ತಲೆ ಸುತ್ತು ಬತ್ತಾ ಐತೆ" ಎಂದಳು ತಮ್ಮನ ಹೆಂಡತಿ. ನಾನು ನಿಂತು ಅವಳಿಗೆ ಹೇಳಿದೆ. ಅವಳು ಸೌಟು ಕೆಳಗಿಟ್ಟು, "ಮಂಗಳವಾರವೇ?" ಎಂದಳು. ಆಮೇಲೆ, "ಅವರಿಗೆ ಗೊತ್ತಾಗಬಾರ್ದು, ಅಷ್ಟೇ ತಾನೇ?" ಎಂದಳು.

ಮಂಗಳವಾರ ಅಕ್ಕ ಏಳುವ ಮೊದಲೇ ಎದ್ದು, ಸೋಮವಾರದ ಹಾಳೆಯನ್ನು ನಾನು ಹರಿದೆ. ಅಕ್ಕ ಬಂದ ಮೇಲೆ ಆ ಕ್ಯಾಲೆಂಡರನ್ನು ನಾನು ಮುಟ್ಟಿದ್ದು ಅದೊಂದೇ ಸಲ. ಅಕ್ಕ ಎದ್ದು ಬಂದಳು. ಮಂಗಳವಾರ ಎಂದು ದಪ್ಪ ಅಕ್ಷರದಲ್ಲಿದ್ದ ಹಾಳೆಯ ಮುಂದೆ ನಿಂತಳು. ಅವಳಿಗೆ ಅದು ನಿನ್ನೆಯ ಹಾಳೆ. ನಿನ್ನೆಯದನ್ನು ಹರಿಯುವುದು ಅವಳ ಕೆಲಸ. ಪರ್ರೆಂದು ಹರಿದಳು, ಹೊಸದರ ಮೇಲೆ ಬೆರಳಿಟ್ಟಳು.

"ಬುಧವಾರ" ಎಂದಳು. "ಅಪ್ಪ ತಿಪಟೂರಿಗೆ ಹೋಗೈತೆ."

"ಹೂಂ ಕಣಕ್ಕ" ಎಂದೆ.

ಮಧ್ಯಾಹ್ನ ಊಟವಾದ ಮೇಲೆ ತಮ್ಮನ ಹೆಂಡತಿ ಮೊರದಲ್ಲಿ ಅಕ್ಕಿ, ಬೆಲ್ಲದಚ್ಚು, ವೀಳ್ಯದೆಲೆ, ಎರಡು ಕೊಬ್ಬರಿ ಗಿಟುಕು ಇಟ್ಟುಕೊಂಡು ಬಂದು ನನ್ನ ಮುಖ ನೋಡಿದಳು. ಗಂಡ ಇಲ್ಲದವರಿಗೆ ಮಡಿಲು ತುಂಬುವ ಪದ್ಧತಿ ನಮ್ಮಲ್ಲಿ ಇಲ್ಲ. "ತುಂಬು. ಯಾರು ಕೇಳ್ತಾರೋ ನೋಡ್ತೀನಿ" ಎಂದೆ. ಅಕ್ಕ ಸೆರಗು ಒಡ್ಡಿ ಚಿಕ್ಕ ಹುಡುಗಿಯಂತೆ ನಿಂತಳು. ಆಮೇಲೆ ಅವಳ ಮಗಳೂ ದುಪ್ಪಟ್ಟಾ ಒಡ್ಡಿದಳು. ಕೊಬ್ಬರಿ ಏರ್‌ಪೋರ್ಟ್ ದಾಟುವುದಿಲ್ಲ ಎಂದು ನಮಗೆಲ್ಲ ಗೊತ್ತಿತ್ತು. ಬುಟ್ಟಿಗೆ ಹಾಕಿಬಿಡು, ಅಮ್ಮನಿಗೆ ಕಾಣದ ಹಾಗೆ ಎಂದು ಮಗಳಿಗೆ ಇಂಗ್ಲಿಷಿನಲ್ಲಿ ಹೇಳಿದೆ. ತಲೆಯಾಡಿಸಿದಳು.

ಕಾರಿನಲ್ಲಿ ಕುಳಿತ ಮೇಲೆ ಅಕ್ಕ ಗಾಜು ಇಳಿಸಿದಳು.

"ಅಪ್ಪ ಕೇಳುದ್ರೆ ಹೇಳು. ಅದು ಬರೋ ಹೊತ್ಗೆ ಬಂದ್ಬುಡ್ತೀನಿ."

"ಹೇಳ್ತೀನಿ."

"ಮರೀಬ್ಯಾಡ ಮತ್ತೆ. ನೀನು ಮರೆಗುಳಿ."

ಕಾರು ತೆಂಗಿನ ಸಾಲು ದಾಟಿ ರಸ್ತೆ ಸೇರಿತು. ಅಪ್ಪ ಮಾರ್ಕೆಟ್ಟಿನಿಂದ ಬರುತ್ತಿದ್ದುದೂ ಅದೇ ರಸ್ತೆಯಲ್ಲಿ.

ಮಾರನೆಯ ದಿನ ಎಂದಿಗಿಂತ ಮುಂಚೆ ಎಚ್ಚರವಾಯಿತು. ಅವರು ತಲುಪಿರಬಹುದೇ, ಅಲ್ಲಿ ಅಕ್ಕ ಯಾರನ್ನು ಕೇಳುತ್ತಿರಬಹುದು, ಅಡುಗೆಮನೆಯ ಬಾಗಿಲ ಪಕ್ಕ ಆ ಕ್ಯಾಲೆಂಡರ್ ಇನ್ನೂ ಇದೆಯೇ. ಪಡಸಾಲೆಗೆ ಹೋಗಿ ಹಾಳೆ ಹರಿಯಲು ಕೈ ಎತ್ತಿದೆ. ಬುಧವಾರ ಎಂದಿತ್ತು. ಬುಧವಾರವೇ. ಹರಿಯಲು ಏನೂ ಇರಲಿಲ್ಲ. ಕೈ ಇಳಿಸಿ, ಒಳಗೆ ಹೋಗಿ ಸೂಟ್‌ಕೇಸ್ ತೆರೆದೆ, ಸೀರೆಗಳನ್ನು ತೆಗೆದು ಕೊಡವಿದೆ, ಮತ್ತೆ ಮಡಿಸಲು ಕುಳಿತೆ.